ನಡುಗಡ್ಡೆಯ ಬೀಜದ ಸೋರೆ

ಕುಶಾಲನಗರದಿಂದ ಒಂದು ಮೈಲಿ ಕೆಳಗೆ, ಕಾವೇರಿ ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ ಒಂದು ನಡುಗಡ್ಡೆ ಇದೆ. ಮಳೆಗಾಲದಲ್ಲಿ ಬಂದವರಿಗೆ ಹೇಳಿದರೆ ನಂಬುವುದಿಲ್ಲ. ಆಗ ನಾಲ್ಕು ಹೊಳೆಮತ್ತಿ ಮರಗಳ ನೆತ್ತಿ ಮಾತ್ರ ಕೆಂಪು ನೀರಿನ ಮೇಲೆ ಅಲ್ಲಾಡುತ್ತಿರುತ್ತದೆ. ಸಂಕ್ರಾಂತಿಯ ಹೊತ್ತಿಗೆ ನೀರು ಇಳಿದು ಮರಳು ಮೇಲೆ ಬರುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಒಗೆದು ಹರವಿದ ಪಂಚೆಯ ಹಾಗೆ ಬೆಳ್ಳಗೆ ಕಾಣುತ್ತದೆ.

ಹೊಳೆಯ ಆಚೆ ದಡ ಮೈಸೂರು, ಈಚೆ ದಡ ಕೊಡಗು. ನಡುವಿನ ಈ ಮರಳು ತಮ್ಮದು ಅಂತ ಎರಡು ಕಡೆಯವರೂ ಯಾವತ್ತೂ ಹೇಳಿದ್ದಿಲ್ಲ. ಅದಕ್ಕೇ ನಾನು ಅಲ್ಲಿ ಬಳ್ಳಿ ಹಾಕುತ್ತಿದ್ದೆ. ನಾವು ತಿರುಮಕೂಡಲಿನ ಸೀಮೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡವರು. ನಮ್ಮ ತವರಿನ ಕಡೆ ಬೇಸಿಗೆ ಬಂತೆಂದರೆ ಹೆಂಗಸರು ಹೊಳೆಯ ಮರಳಿನಲ್ಲಿ ಮೊಣಕಾಲುದ್ದ ಗುಂಡಿ ತೋಡುತ್ತಾರೆ. ತಳದಲ್ಲಿ ತೇವ ಸಿಕ್ಕಿದ ಮೇಲೆ ಹಟ್ಟಿಗೊಬ್ಬರ ಹಾಕಿ ಸೌತೆ, ಸೋರೆ ಬೀಜ ಊರುತ್ತಾರೆ. ಮೊದಲ ವರ್ಷ ನಾನು ಇಲ್ಲಿ ಹಾಗೆ ಮಾಡಿದಾಗ, ಮರಳಲ್ಲಿ ಸಗಣಿ ಹೂಳುವ ಹೆಂಗಸು ಬಂದಿದ್ದಾಳೆ ಅಂತ ಸುತ್ತಲಿನವರು ನಕ್ಕರು. ಸೌತೆಕಾಯಿ ತಿಂದ ಮೇಲೆ ನಗುವುದನ್ನು ಬಿಟ್ಟರು.

ಸೌತೆ ಬೀಜ ಎಲ್ಲಿ ಬೇಕಾದರೂ ಸಿಗುತ್ತದೆ. ಸೋರೆ ಹಾಗಲ್ಲ. ಅದು ಗುಂಡುಸೋರೆ, ನನ್ನ ಮದುವೆಯ ದಿನ ಅವ್ವ ನನ್ನ ಸೆರಗಿನ ತುದಿಗೆ ಕಟ್ಟಿ ಕಳಿಸಿದ್ದು. ಅವ್ವ ಹೋಗಿ ಬಹಳ ಕಾಲವಾಯಿತು. ತವರಿಗೆ ನಾಲೆ ನೀರು ಬಂದ ಮೇಲೆ ಎಲ್ಲರೂ ಭತ್ತಕ್ಕೆ ತಿರುಗಿದರು, ಮರಳಿಗೆ ಯಾರೂ ಇಳಿಯುವುದಿಲ್ಲ. ಒಂದು ಸಲ ಹೋದಾಗ ಅಣ್ಣನ ಸೊಸೆಯನ್ನು ಆ ಬೀಜ ಕೇಳಿದೆ. "ಗುಂಡುಸೋರೆನಾ ಅತ್ತೆ? ನಾನು ಉದ್ದದ್ದೇ ನೋಡಿರಾದು" ಅಂದಳು.

ಈಗ ಹೇಳುತ್ತಿರುವುದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೂರನೆಯ ಬೇಸಿಗೆಯ ಮಾತು. ಅದರ ಹಿಂದಿನ ಮಳೆಗಾಲದಲ್ಲಿ ಅಟ್ಟದ ಮೇಲೆ ಇಟ್ಟಿದ್ದ ಬೀಜದ ಬುರುಡೆಗೆ ಹೆಗ್ಗಣ ಬಾಯಿ ಹಾಕಿತ್ತು. ಒಂದು ಹಿಡಿಯೂ ಇಲ್ಲದಷ್ಟು ಬೀಜ ಉಳಿದಿತ್ತು, ಅಷ್ಟನ್ನೂ ಊರಿಬಿಟ್ಟೆ. ಕೆಲವು ಹುಟ್ಟಿದವು, ಕಾಯಿ ಬಿಟ್ಟವು. ಎರಡು ಕಾಯಿ ಬೀಜಕ್ಕೆಂದು ಬಿಟ್ಟೆ. ಒಂದನ್ನು ಮುಳ್ಳುಹಂದಿ ಈಜಿ ಬಂದು ಕೊರೆದು ಹೋಯಿತು. ಉಳಿದದ್ದು ಒಂದೇ. ಸೋರೆ ತಿನ್ನಲು ಎಳೆಯದಾಗಬೇಕು, ಬೀಜಕ್ಕೆ ಬಳ್ಳಿಯಲ್ಲೇ ಬಲಿತು ಸಿಪ್ಪೆ ಮರದ ಹಾಗೆ ಆಗಬೇಕು. ಆ ಕಾಯಿಗೆ ಇನ್ನೂ ಹದಿನೈದು ದಿನದ ಬಿಸಿಲು ಬೇಕಾಗಿತ್ತು. ಅದು ಹೋದರೆ ಅವ್ವನ ಸೋರೆ ಈ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ ಅಂತ ನನಗೆ ಗೊತ್ತಿತ್ತು.

ಯುಗಾದಿ ಕಳೆದ ವಾರ ಪಕ್ಕದ ಮನೆಯ ನಾಣಯ್ಯನವರು ನಮ್ಮ ಜಗಲಿಗೆ ಬಂದರು. ಅವರು ಮೂರ್ನಾಡಿನ ಕಡೆಯ ಗೌಡರು, ಸುಂಟಿಕೊಪ್ಪದ ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅವರ ಹೆಂಡತಿ ಬೊಳ್ಳಮ್ಮ ನನ್ನ ಗೆಳತಿ. ಓದು ಬರಹ ಕಲಿಯಲು ಹೋಗುತ್ತಿದ್ದ ರಾತ್ರಿಶಾಲೆಯಲ್ಲಿ ನಮಗಿಬ್ಬರಿಗೂ ಸೇರಿ ಒಂದೇ ಸ್ಲೇಟು. ಅವಳು ಬರೆದದ್ದನ್ನು ನಾನು ಒರೆಸುತ್ತಿದ್ದೆ, ನಾನು ಬರೆದದ್ದನ್ನು ಅವಳು.

"ಅಕ್ಕ, ಒಂದು ಮಾತು ಉಟ್ಟು" ಅಂದರು ನಾಣಯ್ಯ. ಇದೆ ಅನ್ನುವುದಕ್ಕೆ ಅವರ ಮಾತಿನಲ್ಲಿ ಉಟ್ಟು ಅನ್ನುತ್ತಾರೆ. "ಬರುವ ಭಾನುವಾರ ಎಸ್ಟೇಟಿನವರೆಲ್ಲ ಸಂಸಾರ ಸಮೇತ ಬರ್ತಾರೆ. ನಡುಗಡ್ಡೆಯಲ್ಲಿ ವಾಟರ್ ಸ್ಪೋರ್ಟ್ಸು. ಈಜು, ಹರಿಗೋಲಿನ ಪಂದ್ಯ, ಟ್ಯೂಬಿನಲ್ಲಿ ತೇಲುವ ಪಂದ್ಯ, ಎಲ್ಲ. ನೀವು ಬೇಡ ಅಂದ್ರೆ ಬೇರೆ ಜಾಗ ನೋಡ್ತೇನೆ."

ನಮ್ಮ ಯಜಮಾನರು ಒಳಗಿಂದಲೇ ಕೂಗಿದರು. ಅವರ ಹೆಸರು ಸಣ್ಣಸ್ವಾಮಿ. ಬರೆಯುತ್ತೇನೆ, ಬಾಯಲ್ಲಿ ಹೇಳುವುದಿಲ್ಲ. "ಹೊಳೇಲಿ ಆಟ ಆಡಾಕೆ ಎಸ್ಟೇಟ್ ಬುಟ್ಟು ಬತ್ತಾರಾ? ನಮ್ಮನೆ ಎಮ್ಮೆ ದಿನಾ ಆಡ್ತದೆ. ಅದಕ್ಕೂ ಒಂದು ಬಹುಮಾನ ಕೊಡ್ಸಿ ರೈಟ್ರೇ."

"ಎಮ್ಮೆ ನಮ್ಮ ಎಸ್ಟೇಟ್ ಕ್ಲಬ್ಬಿನ ಮೆಂಬರ್ ಅಲ್ಲ ಸ್ವಾಮಣ್ಣ" ಅಂದರು ನಾಣಯ್ಯ, ನಗದೆ.

ಮಗ ಸಿದ್ದರಾಜು ಪೇಟೆಯಲ್ಲಿ ಲಾರಿ ಟಯರಿನ ಅಂಗಡಿ ಇಟ್ಟಿದ್ದ. ಟ್ಯೂಬು ಕೊಡುವುದು ಅವನೇ ಅಂತ ಆಮೇಲೆ ತಿಳಿಯಿತು. ನನ್ನೊಬ್ಬಳನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಆದರೂ ನಾಣಯ್ಯ ಬಂದು ಕೇಳಿದರಲ್ಲ, ಅದು ನನಗೆ ದೊಡ್ಡದೆನಿಸಿತು. ಮಕ್ಕಳು ಮರಳಲ್ಲಿ ಆಡಲಿ, ಸೌತೆಕಾಯಿ ಕಿತ್ತು ತಿನ್ನಲಿ ಅಂದೆ. "ಒಂದು ಸೋರೆ ಬೀಜಕ್ಕೆ ಬಿಟ್ಟಿದ್ದೀನಿ. ಅದೊಂದು ಮುಟ್ಟಬಾರದು."

"ಮುಟ್ಟುವುದಿಲ್ಲೆ ಅಕ್ಕ. ಹಗ್ಗ ಕಟ್ಟಿಸ್ತೇನೆ. ಎಲ್ಲಿ ಉಟ್ಟು ಅಂತ ತೋರಿಸಿ."

ಶನಿವಾರ ಸಂಜೆಗೆ ಮುಂಚೆ ಇಬ್ಬರೂ ಹರಿಗೋಲಿನಲ್ಲಿ ದಾಟಿದೆವು. ಇಲ್ಲಿ ಒಂದು ವಿಷಯ ಹೇಳಬೇಕು. ಬೀಜಕ್ಕೆ ಬಿಟ್ಟ ಕಾಯಿಗೆ ನಮ್ಮಲ್ಲಿ ಬೆರಳು ತೋರಿಸುವುದಿಲ್ಲ. ತೋರಿಸಿದರೆ ಕಾಯಿ ತೋರಿಸಿದ ಕಡೆಯಿಂದ ಕೊಳೆಯುತ್ತದೆ ಅಂತ. ಎಷ್ಟನೆಯದು ಅಂತ ಎಣಿಸುವುದಿಲ್ಲ, ಇದೇ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ನೋಡುವವರ ಕಣ್ಣಿಗೆ ಬೀಳದ ಹಾಗೆ ಎಲೆ ಎಳೆದು ಮುಚ್ಚಿ, ಮರಳು ಸರಿಸಿ, ಯಾರು ಬಿಟ್ಟರೋ ಅವರೇ ಕಾಯುತ್ತಾರೆ. ನಾನು ಚಿಕ್ಕವಳಿದ್ದಾಗ ಒಂದು ಸಲ ಬೆರಳು ಚಾಚಿದ್ದಕ್ಕೆ ಅವ್ವ ಆ ಬೆರಳನ್ನೇ ಹಲ್ಲಿನಲ್ಲಿ ಕಚ್ಚು ಅಂದಿದ್ದಳು. ಹತ್ತು ಬೆರಳನ್ನೂ ಕಚ್ಚಿಸಿದ್ದಳು. ಆ ದಿನದಿಂದ ಬಳ್ಳಿಯ ಹತ್ತಿರ ಹೋದರೆ ಬೆರಳು ತಾನೇ ಮಡಚಿಕೊಳ್ಳುತ್ತದೆ.

"ಎಲ್ಲಿ ಅಕ್ಕ?" ಅಂದರು ನಾಣಯ್ಯ.

ನಾನು ಗದ್ದ ಎತ್ತಿ ಆ ಕಡೆ ಆಡಿಸಿದೆ.

"ಇದಾ?"

"ಹೂಂ, ಆ ಕಡೆ."

"ಈ ಸೊಂಪಾಗಿ ಉಟ್ಟಲ್ಲ, ಇದಾ?"

"ಆ ಕಡೇನೇ ಅಣ್ಣ" ಅಂದೆ, ಮತ್ತೆ ಗದ್ದ ಆಡಿಸಿ. ನನ್ನ ಗದ್ದದ ನೇರಕ್ಕೆ ಎರಡು ಪಾತಿ ಇದ್ದವು. ಹತ್ತಿರದ್ದು ಎಲೆ ತುಂಬಿ ಹಸಿರಾಗಿತ್ತು, ಕಾಯಿ ಇರಲಿಲ್ಲ. ಹಿಂದಿನದು ಬಾಡಿದ ಬಳ್ಳಿ. ಬೀಜದ ಕಾಯಿ ಇರುವ ಬಳ್ಳಿ ಬಾಡಿಯೇ ಇರುತ್ತದೆ. ಅದು ನನಗೆ ಗೊತ್ತು, ಎಸ್ಟೇಟಿನ ರೈಟರಿಗೆ ಹೇಗೆ ಗೊತ್ತಾಗಬೇಕು? ಅವರು ತಲೆ ಆಡಿಸಿದರು. ತಿಳಿಯಿತು ಅಂತ ನಾನೂ ತಲೆ ಆಡಿಸಿದೆ.

ಭಾನುವಾರ ನಾನೂ ಬೊಳ್ಳಮ್ಮನೂ ಬೆಳಗಿನಿಂದ ಮಜ್ಜಿಗೆ ಕಡೆದೆವು. ಬಂದವರಿಗೆಲ್ಲ ಮಜ್ಜಿಗೆ ನಮ್ಮ ಬೀದಿಯ ಹೆಂಗಸರದು ಅಂತ ಮಾತಾಗಿತ್ತು. ಎರಡು ಹಿತ್ತಾಳೆ ಕೊಳಗ ಹೊತ್ತುಕೊಂಡು ನಾವು ದಾಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ದೂರದಿಂದಲೇ ಗಲಾಟೆ ಕೇಳಿಸಿತು. ನನ್ನ ಮರಳಿನ ಮೇಲೆ ಅಷ್ಟು ಜನರನ್ನು ನಾನು ನೋಡಿದ್ದಿಲ್ಲ. ಮರದಿಂದ ಮರಕ್ಕೆ ಬಣ್ಣದ ಕಾಗದದ ತೋರಣ, ನೆರಳಲ್ಲಿ ಜಮಖಾನ, ಅದರ ಮೇಲೆ ಹೆಂಗಸರು. ನೀರಿನ ಅಂಚಿನಲ್ಲಿ ಸಿದ್ದರಾಜುವಿನ ಕರಿ ಟ್ಯೂಬುಗಳು ಮಲಗಿದ ಎಮ್ಮೆಗಳ ಹಾಗೆ ಬಿದ್ದಿದ್ದವು. ಒಳಚಡ್ಡಿ ಹಾಕಿದ ದೊಡ್ಡ ದೊಡ್ಡ ಗಂಡಸರು ಮಕ್ಕಳ ಹಾಗೆ ಕಿರುಚುತ್ತ ನೀರಿಗೆ ಬೀಳುತ್ತಿದ್ದರು.

ನಿಜ ಹೇಳಬೇಕೆಂದರೆ ನನಗೆ ಸಂತೋಷವಾಯಿತು. ಮೂವತ್ತು ವರ್ಷ ಆ ಹೊಳೆಯಲ್ಲಿ ಬಿಂದಿಗೆ ಮುಳುಗಿಸಿದ್ದೇನೆ, ಬಟ್ಟೆ ಒಗೆದಿದ್ದೇನೆ, ಹಬ್ಬಕ್ಕೆ ಅರಿಶಿನ ಕುಂಕುಮ ಬಿಟ್ಟಿದ್ದೇನೆ. ಮೊಣಕಾಲಿಗಿಂತ ಆಳಕ್ಕೆ ಹೋದದ್ದಿಲ್ಲ. ಅದರ ಮೇಲೆ ಮಲಗಬಹುದು ಅಂತ ಹೊಳೆದದ್ದೇ ಇಲ್ಲ.

ಆಗ ಹಗ್ಗ ಕಂಡಿತು. ಹೊಸ ತೆಂಗಿನ ಹಗ್ಗ, ನಾಲ್ಕು ಗೂಟ, ಅಚ್ಚುಕಟ್ಟಾಗಿ. ಒಳಗೆ ಇದ್ದದ್ದು ಕಾಯಿಯೇ ಇಲ್ಲದ ಹಸಿರು ಪಾತಿ.

ಕೊಳಗ ಇಳಿಸಿ ಓಡಿದೆ. ಹಿಂದಿನ ಪಾತಿಯ ಬಾಡಿದ ಬಳ್ಳಿ ಪಕ್ಕಕ್ಕೆ ಬಿದ್ದಿತ್ತು. ಸೋರೆ ಕೂತಿದ್ದ ಕಡೆ ಮರಳಲ್ಲಿ ಒಂದು ಗುಂಡನೆಯ ಕುಳಿ ಮಾತ್ರ ಇತ್ತು. ಕುಳಿಯ ಮೇಲೆ ಕೈ ಇಟ್ಟೆ. ತಳ ಇನ್ನೂ ತಣ್ಣಗಿತ್ತು, ಬಿಸಿಲು ಬಿದ್ದು ಬಹಳ ಹೊತ್ತಾಗಿರಲಿಲ್ಲ.

ನಾಣಯ್ಯ ಸೀಟಿ ಕೊರಳಿಗೆ ಹಾಕಿಕೊಂಡು ಬಂದರು. "ಅಕ್ಕ, ನಿಮ್ಮ ಪಾತಿಗೆ ಒಬ್ಬ ಕೈ ಹಾಕಿಲ್ಲೆ ನೋಡಿ. ಹಗ್ಗದ ಒಳಗಿನದು ಮುಟ್ಟಬೇಡಿ, ಹೊರಗಿನದು ಏನು ಬೇಕಾದ್ರೂ ಕೀಳಿ ಅಂತ ಎಲ್ಲರಿಗೂ ಹೇಳಿದ್ದೇನೆ."

"ಅಣ್ಣ, ಇದು..." ಅಂದೆ. ಅವರು ಕುಳಿ ನೋಡಿದರು, ನನ್ನ ಮುಖ ನೋಡಿದರು. ಸೀಟಿಯನ್ನು ಕೊರಳಿನಿಂದ ತೆಗೆದರು.

"ಇಲ್ಲಿಂದ ಒಂದು ದೊಡ್ಡ ಬುರುಡೆ ತಕ್ಕೊಂಡು ಹೋದ್ರು" ಅಂದರು ಮೆಲ್ಲಗೆ. "ಚೆಂಡಿನ ಆಟಕ್ಕೆ. ನೀರಲ್ಲಿ ಚೆನ್ನಾಗಿ ತೇಲ್ತದೆ ಅಂತ ಕೊಟ್ಟದ್ದೂ ನಾನೇ."

ಹೊಳೆಯ ಕಡೆ ತಿರುಗಿದೆ. ನೀರಲ್ಲಿ ಹತ್ತು ಹನ್ನೆರಡು ತಲೆ, ಟ್ಯೂಬು, ಆಟಕ್ಕೆಂದು ತೇಲಿಬಿಟ್ಟ ಮಡಕೆಗಳು, ಎರಡು ತೆಂಗಿನಕಾಯಿ. ಚೆಂಡಿನ ಆಟ ಆಗಲೇ ಮುಗಿದಿತ್ತು. ಆಡಿದವರು ಅದನ್ನು ಬಿಟ್ಟು ಹರಿಗೋಲಿನ ಪಂದ್ಯಕ್ಕೆ ಎದ್ದಿದ್ದರು. ನಮ್ಮ ಸೋರೆ ಒಂದೇ ನಡುಗಡ್ಡೆಯ ಬಾಲ ದಾಟಿ, ಎರಡು ಸೀಳೂ ಕೂಡುವ ಕಡೆಗೆ ಹೋಗುತ್ತಿತ್ತು. ಕತ್ತು ಎಡಕ್ಕೆ ಸೊಟ್ಟ, ಮರಳಿಗೆ ಒರಗಿದ್ದ ಕಡೆ ಬಿಳಿಚಿಕೊಂಡ ಮಚ್ಚೆ. ನೂರು ಬುರುಡೆಯ ನಡುವೆ ಹಾಕಿದ್ದರೂ ನನಗೆ ಗುರುತು ಸಿಗುತ್ತಿತ್ತು. ಕೂಡುವ ಕಡೆ ದಾಟಿದರೆ ಮಡು, ಅದರಾಚೆ ಬಂಡೆ. ಬಂಡೆಗೆ ಬಡಿದರೆ ಒಡೆದು ಬೀಜ ಮೀನಿಗೆ.

"ಬೊಳ್ಳಮ್ಮ" ಅಂತ ಕೂಗಿದೆ. "ನನ್ನ ಸೋರೆ ಹೋಯ್ತು ಕಣೇ!"

ಬೊಳ್ಳಮ್ಮ ಏನು ಎತ್ತ ಅಂತ ಕೇಳಲಿಲ್ಲ. ಮಜ್ಜಿಗೆ ಸೌಟು ಯಾರದೋ ಕೈಗೆ ಕೊಟ್ಟು ಒಂದು ಟ್ಯೂಬು ಎಳೆದುಕೊಂಡಳು. ಅವಳು ಹಳ್ಳದ ದಂಡೆಯಲ್ಲಿ ಹುಟ್ಟಿ ಬೆಳೆದವಳು, ಈಜು ಬಲ್ಲವಳು. ಅವರ ಕಡೆಯ ಹೆಂಗಸರು ಸೀರೆಯ ನೆರಿಗೆ ಹಿಂದಕ್ಕೆ ಹಾಕುತ್ತಾರಲ್ಲ, ನೀರಿಗೆ ಇಳಿದರೆ ಮುಂದೆ ಕಾಲಿಗೆ ಏನೂ ತೊಡರುವುದಿಲ್ಲ. ನನ್ನದು ಮುಂದಿನ ನೆರಿಗೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದು ನೀರು ಕುಡಿದು ಕಾಲಿಗೆ ಸುತ್ತಿಕೊಂಡಿತು.

"ಅಕ್ಕ, ನೀವು ಬರಬೇಡಿ!"

"ನಾನು ಬರದಿದ್ದರೆ ನಿನಗೆ ಯಾವುದು ಅಂತ ಹೆಂಗೆ ತಿಳೀತದೆ?"

"ಹಾಗಾದ್ರೆ ಕೂತ್ಕೊಳ್ಳಿ. ಟ್ಯೂಬಿನ ಒಳಗೆ. ತೊಟ್ಟಿಲಲ್ಲಿ ಕೂತ ಹಾಗೆ."

ಕೂತೆ. ಕೂತೆ ಅನ್ನುವುದಕ್ಕಿಂತ ಬಿದ್ದೆ. ಬೊಳ್ಳಮ್ಮ ಹಿಂದಿನಿಂದ ತಳ್ಳಿದಳು. ತಳದ ಮರಳು ಕಾಲಿನಿಂದ ಜಾರಿತು. ಆಮೇಲೆ ಕೆಳಗೆ ಏನೂ ಇರಲಿಲ್ಲ.

ದಡದಲ್ಲಿ ಚಪ್ಪಾಳೆ ಕೇಳಿಸಿತು. ಹೆಂಗಸರ ಟ್ಯೂಬಿನ ಪಂದ್ಯ ಶುರುವಾಯಿತು ಅಂತ ಎಲ್ಲರೂ ತಿಳಿದಿದ್ದರು. ನಮ್ಮ ಯಜಮಾನರ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. "ಏ, ನಮ್ಮನೆಯವಳು ಕಣ್ರೋ ಅದು! ಎಲ್ಲೋಯ್ತಾ ಇದ್ದೀಯೆ? ಮೈಸೂರ್ಗಾ?"

"ಎದುರಿಗೆ ಯಾರೂ ಇಲ್ಲ, ಗೆದ್ದೇ ಗೆಲ್ತಾರೆ" ಅಂತ ಇನ್ನೊಬ್ಬರು.

ನನಗೆ ಹೆದರಿಕೆ ಆಯಿತು ಅಂತ ಬರೆದರೆ ಸುಳ್ಳಾಗುವುದಿಲ್ಲ. ಆದರೆ ಅದೊಂದೇ ಅಲ್ಲ. ನೀರು ನನ್ನ ಬೆನ್ನಿನ ಕೆಳಗೆ ಹೋಗುತ್ತಿತ್ತು. ಅಷ್ಟು ವರ್ಷ ದಡದಿಂದ ನೋಡಿದ ಹೊಳೆ ನನ್ನನ್ನು ಹೊತ್ತುಕೊಂಡಿತ್ತು. ಭಾರ ಅಂತ ಅದಕ್ಕೆ ಅನ್ನಿಸಿದ ಹಾಗೆ ಕಾಣಲಿಲ್ಲ. ಬಿಂದಿಗೆ ಹೊತ್ತ ಸೊಂಟಕ್ಕೆ ಮೊದಲ ಸಲ ಹೊರುವುದಕ್ಕೆ ಏನೂ ಇರಲಿಲ್ಲ.

ಬೊಳ್ಳಮ್ಮ ಟ್ಯೂಬು ಬಿಟ್ಟು ಮುಂದೆ ಈಜಿದಳು. ನೀರಿನ ಮಟ್ಟಕ್ಕೆ ಕಣ್ಣಿಟ್ಟವರಿಗೆ ಹೊಳೆಯ ತುಂಬ ಹೊಳೆಯುವ ಬಿಸಿಲೇ ಕಾಣುತ್ತದೆ. ಜೊತೆಗೆ ಆ ಮಡಕೆಗಳು, ತೆಂಗಿನಕಾಯಿ. ಅವಳು ಒಂದು ಮಡಕೆಯ ಕಡೆ ಹೋದಳು.

"ಅದಲ್ಲ ಕಣೇ!"

"ಎಲ್ಲಿ ಅಕ್ಕ?"

ಗದ್ದ ಆಡಿಸಿದೆ. ಅವಳು ಎಡಕ್ಕೆ ತಿರುಗಿದಳು.

"ಎಲ್ಲಿ? ತೋರ್ಸಿ ಅಕ್ಕ, ಕೈಯಲ್ಲಿ ತೋರ್ಸಿ!"

ಸೋರೆ ಮಡುವಿನ ಅಂಚಿಗೆ ಹೋಗಿತ್ತು. ಅಲ್ಲಿ ನೀರು ಕಪ್ಪಾಗಿ ಮೆಲ್ಲಗೆ ತಿರುಗುತ್ತಿತ್ತು. ನನ್ನ ಬಲಗೈ ಟ್ಯೂಬನ್ನು ಬಿಟ್ಟು ಮೇಲೆ ಬಂತು, ಮುಷ್ಟಿ ಹಾಗೇ ಇತ್ತು. ಮುಷ್ಟಿಯನ್ನೇ ಆ ಕಡೆ ಆಡಿಸಿದೆ. ಬೊಳ್ಳಮ್ಮನಿಗೆ ತಿಳಿಯಲಿಲ್ಲ. ಶನಿವಾರ ನಾಣಯ್ಯನವರ ಮುಖ ಹೇಗಿತ್ತೋ ಈಗ ಅವಳ ಮುಖವೂ ಹಾಗೇ ಇತ್ತು, ತಿಳಿಯಬೇಕು ಅನ್ನುವ ಆಸೆ, ತಿಳಿಯದ ಕಣ್ಣು. ಅವ್ವ ಇದನ್ನು ನೋಡಿದ್ದರೆ ಏನು ಹೇಳುತ್ತಿದ್ದಳು? ಬೆರಳು ಮಡಚಿಕೋ ಅನ್ನುತ್ತಿದ್ದಳೋ, ಬೀಜ ಹೋಗ್ತಾ ಇದೆ ತೋರಿಸೇ ಅನ್ನುತ್ತಿದ್ದಳೋ. ನನಗೆ ಗೊತ್ತಿಲ್ಲ. ಕೇಳುವುದಕ್ಕೆ ಹೊತ್ತೂ ಇರಲಿಲ್ಲ.

ಬೆರಳು ಚಾಚಿದೆ. "ಅಗೋ! ಆ ಕಪ್ಪು ನೀರಿನ ಅಂಚಿಗೆ! ಅದೇ! ಅದೇ ನನ್ನ ಬೀಜದ ಕಾಯಿ!"

ಒಂದೇ ಸಲಕ್ಕೆ ಎಲ್ಲ ತಪ್ಪನ್ನೂ ಮಾಡಿಬಿಟ್ಟೆ.

ಬೊಳ್ಳಮ್ಮ ನನ್ನ ಬೆರಳಿನ ನೇರ ನೋಡಿ, ಅದೇ ನೇರಕ್ಕೆ ಹೋದಳು. ಬಾಚಿ ಎದೆಗೆ ಒತ್ತಿಕೊಂಡಳು. ಮತ್ತೆ ನನ್ನ ಕಡೆ ಬರುವಾಗ ಸೋರೆಯೇ ಅವಳನ್ನು ತೇಲಿಸುತ್ತಿತ್ತು. ಅಷ್ಟರಲ್ಲಿ ಸಿದ್ದರಾಜು ಹರಿಗೋಲು ತಂದ. ಇಬ್ಬರನ್ನೂ ಒಂದೊಂದು ಮೂಟೆಯ ಹಾಗೆ ಒಳಗೆ ಎಳೆದುಕೊಂಡ. "ಅವ್ವ, ನೀನು ಹೊಳೆಗೆ ಬೀಳಾಕೆ ನಾನು ಟ್ಯೂಬ್ ಕೊಟ್ಟಿದ್ದಾ?" ಅಂತ ಬೈದ. ಬೈಯುತ್ತಲೇ ತನ್ನ ಟವಲು ತೆಗೆದು ನನ್ನ ಹೆಗಲಿಗೆ ಹೊದಿಸಿದ.

ನಮಗೆ ಮೊದಲ ಬಹುಮಾನ ಕೊಟ್ಟರು. ಎರಡನೆಯವರು ಯಾರೂ ಇರಲಿಲ್ಲ. ಅದು ಪಂದ್ಯ ಅಲ್ಲ ಅಂತ ನಾಣಯ್ಯ ಹೇಳಲು ಹೋದರು, ಬೊಳ್ಳಮ್ಮ ಅವರ ಅಂಗಿ ಹಿಡಿದು ಎಳೆದಳು. "ಸುಮ್ನಿರಿ. ನಿಮ್ಮ ಹಗ್ಗಕ್ಕಿಂತ ನಮ್ಮ ಈಜು ವಾಸಿ." ಬಹುಮಾನ ಒಂದು ಅಲ್ಯೂಮಿನಿಯಂ ಸೋಪಿನ ಡಬ್ಬಿ. ಮುಚ್ಚಳ ಅವಳು ಇಟ್ಟುಕೊಂಡಳು, ತಳ ನಾನು.

ಸಂಜೆ ನಾಣಯ್ಯ ನಮ್ಮ ಜಗಲಿಗೆ ಬಂದು ಕೂತರು. ಕಾಫಿ ಕೊಟ್ಟೆ, ಕುಡಿಯಲಿಲ್ಲ. "ಅಕ್ಕ, ನಾನು ತಪ್ಪಾಗಿ ತಿಳಿದೆ" ಅಂದರು.

"ನಾನು ತಿಳಿಯುವ ಹಾಗೆ ಹೇಳಲಿಲ್ಲ ಅಣ್ಣ" ಅಂದೆ. ಬೆರಳಿನ ವಿಷಯ ಆಗ ಅವರಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ನಮ್ಮ ಅಜ್ಜಿಯೂ ಎಂಥದೋ ಹಾಗೆ ಹೇಳ್ತಿದ್ರು" ಅಂದು ಕಾಫಿ ತೆಗೆದುಕೊಂಡರು.

ಸೋರೆಯನ್ನು ಒಲೆಯ ಮೇಲೆ ಸೂರಿಗೆ ತೂಗುಹಾಕಿದೆ. ದಿನಾ ಬೆಳಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತಿದ್ದೆ. ಎಂಟನೆಯ ದಿನ ಒಂದು ಕಡೆ ಹೆಬ್ಬೆರಳಗಲ ಮೆತ್ತಗಾಯಿತು. ಯಾವ ಕಡೆ ನಾನು ಬೆರಳು ತೋರಿಸಿದ್ದು ಅಂತ ನೆನಪು ಮಾಡಿಕೊಂಡೆ. ನೀರಲ್ಲಿ ತಿರುಗುತ್ತಿದ್ದ ಕಾಯಿಗೆ ಯಾವ ಕಡೆ ಅಂತ ಇರುತ್ತದೆ? ಯಜಮಾನರು ಕೆಳಗೆ ನಿಂತು ನೋಡಿ, "ಆಟದಾಗೆ ಗುದ್ದಿರ್ತಾರೆ ಬುಡು, ಅದಕ್ಕೇ" ಅಂದರು. ಇರಬಹುದು. ಎರಡೂ ಇರಬಹುದು. ಮೆತ್ತಗಾದ ಕಡೆಗೆ ಬೂದಿ ಹಚ್ಚಿದೆ. ದಿನಾ ಹಚ್ಚಿದೆ. ಕಾಯುವುದು ಬಿಟ್ಟು ನನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಆ ವರ್ಷದ ಮಳೆಯೆಲ್ಲ ಅದು ಹೊಗೆಯಲ್ಲಿ ತೂಗಿತು. ದೀಪಾವಳಿ ಕಳೆದ ಮೇಲೆ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಸದ್ದಾಯಿತು. ಬೊಳ್ಳಮ್ಮನನ್ನು ಕರೆದು ಅವಳ ಎದುರಿಗೇ ಒಡೆದೆ. ಅರ್ಧ ಬೀಜ ಕಪ್ಪಾಗಿ ಅಂಟಿಕೊಂಡಿದ್ದವು. ಉಳಿದರ್ಧ ಒಣಗಿ, ಉಗುರಿನಲ್ಲಿ ಒತ್ತಿದರೆ ಗಟ್ಟಿ.

ಅವುಗಳಲ್ಲಿ ಒಂದು ಪಾಲು ತೆಗೆದು ಅವಳ ಪಾಲಿನ ಸೋಪಿನ ಡಬ್ಬಿಯ ಮುಚ್ಚಳ ತರಿಸಿ ಅದಕ್ಕೆ ಸುರಿದೆ.

"ನನಗ್ಯಾಕೆ ಅಕ್ಕ? ನಮ್ಮಲ್ಲಿ ಮರಳು ಇಲ್ಲೆ."

"ಮೂರ್ನಾಡಿಗೆ ಕಳಿಸು. ಚಪ್ಪರಕ್ಕೆ ಹಬ್ಬಿಸಲಿ. ಒಂದೇ ಮನೇಲಿ ಇದ್ದರೆ ಒಂದು ಹೆಗ್ಗಣ ಸಾಕು."

ಅವಳು ಮುಚ್ಚಳವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡು ಹೋದಳು. ಮರಳು ಮೇಲೆ ಬಂದ ಕೂಡಲೇ ನನ್ನ ಪಾಲಿನ ಬೀಜವನ್ನು ನಾನು ನಡುಗಡ್ಡೆಯಲ್ಲಿ ಊರಿದೆ.

ಮುಂದಿನ ಯುಗಾದಿಗೆ ನಾಣಯ್ಯ ಮತ್ತೆ ಜಗಲಿಗೆ ಬಂದರು. ಈ ಸಲವೂ ಎಸ್ಟೇಟಿನವರು ಬರುತ್ತಾರಂತೆ. ಪಂದ್ಯಗಳ ಪಟ್ಟಿಯಲ್ಲಿ ಹೆಂಗಸರ ಟ್ಯೂಬಿನ ಪಂದ್ಯ ಅಂತ ನಿಜವಾಗಿಯೂ ಸೇರಿಸಿದ್ದರು. ಅದನ್ನು ನಾನೇ ಓದಿದೆ, ಬೊಳ್ಳಮ್ಮನಿಗೂ ಓದಿ ಹೇಳಿದೆ. ಅವಳು ತಾನೂ ಓದಬಲ್ಲೆ ಅಂತ ಕಿತ್ತುಕೊಂಡಳು.

ಮೂವರೂ ಹರಿಗೋಲಿನಲ್ಲಿ ದಾಟಿದೆವು. ಮರಳು ಕಾಲಿಗೆ ಸುಡುತ್ತಿತ್ತು. ನಾಣಯ್ಯ ಹಗ್ಗ ಹೆಗಲಿಗೆ ಹಾಕಿಕೊಂಡು ಪಾತಿಗಳ ನಡುವೆ ನಿಂತು ನನ್ನ ಗದ್ದವನ್ನೇ ನೋಡುತ್ತಿದ್ದರು.

"ನೀವು ತೋರಿಸಬೇಡಿ ಅಕ್ಕ" ಅಂದರು. "ನಾನು ಎಲ್ಲ ಪಾತಿಗೂ ಹಗ್ಗ ಕಟ್ತೇನೆ."

"ಎಲ್ಲಕ್ಕೂ ಕಟ್ಟಿದರೆ ಮಕ್ಕಳು ಸೌತೆಕಾಯಿ ಹೆಂಗೆ ತಿಂತವೆ? ಇಲ್ಲಿ ಬನ್ನಿ, ಕೈ ಕೊಡಿ."

ಅವರು ಹೆಂಡತಿಯ ಮುಖ ನೋಡಿದರು. "ಕೊಡಿ, ಕೊಡಿ. ಅಕ್ಕ ಕಚ್ಚುವುದಿಲ್ಲೆ" ಅಂದಳು ಬೊಳ್ಳಮ್ಮ.

ನನ್ನ ಬೆರಳು ಎಂದಿನ ಹಾಗೆ ಮಡಚಿಕೊಂಡೇ ಇತ್ತು. ಆ ಮುಷ್ಟಿಯಲ್ಲೇ ಅವರ ಮಣಿಕಟ್ಟು ಹಿಡಿದುಕೊಂಡೆ. ಬಾಡಿದ ಬಳ್ಳಿಯ ಹತ್ತಿರ ಕೂರಿಸಿ, ಒಣಗಿದ ಎಲೆ ಸರಿಸಿ, ಅವರ ಅಂಗೈಯನ್ನು ಸೋರೆಯ ಬೆನ್ನಿನ ಮೇಲೆ ಇಟ್ಟೆ. ಇದೇ ಅಂತ ಬಾಯಿಬಿಡಲಿಲ್ಲ. ಅವರೂ ಕೈ ತೆಗೆಯಲಿಲ್ಲ.

"ಬಿಸಿ ಉಟ್ಟು ಅಕ್ಕ" ಅಂದರು.

ಆಮೇಲೆ ಎದ್ದು ಗೂಟ ಹೊಡೆಯಲು ಶುರುಮಾಡಿದರು.